ಅಂಚಿನ ಭರ್ತಿ

ಕಸ್ತೂರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಅದಕ್ಕಾಗಿ ಅವಳಿಗೆ ದುಃಖವೇನೂ ಇರಲಿಲ್ಲ. ಕೇಳಿಸುವುದೆಂದರೆ ಏನೆಂದೇ ಅವಳಿಗೆ ಗೊತ್ತಿರಲಿಲ್ಲ. ದುಃಖವಿದ್ದದ್ದು ಅವಳ ಅವ್ವನಿಗೆ. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲೇ ಅವಳು ಅದನ್ನು ತೋಡಿಕೊಳ್ಳುತ್ತಿದ್ದಳು.

ಫಕ್ಕೀರೇಶ ಅವಳನ್ನು ಮೊದಲು ನೋಡಿದ್ದು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯ ಒಂದು ಗೇಮಿಂಗ್ ಕೆಫೆಯಲ್ಲಿ. ಹುಡುಗರೆಲ್ಲ ಹೆಡ್‌ಫೋನ್ ಹಾಕಿಕೊಂಡು ಕಿರುಚಾಡುತ್ತ ಆಡುತ್ತಿದ್ದರು. ಮೂಲೆಯಲ್ಲಿ ಒಬ್ಬಳು ಮಾತ್ರ ಹೆಡ್‌ಫೋನನ್ನು ಗೋಡೆಯ ಮೊಳೆಗೆ ನೇತುಹಾಕಿ ಆಡುತ್ತಿದ್ದಳು. ಆ ಸಂಜೆ ಆಟದಲ್ಲಿ ಅವಳು ಫಕ್ಕೀರೇಶನನ್ನು ಮತ್ತೆ ಮತ್ತೆ ಕೊಂದಳು. ಹಿಂದಿನಿಂದ ಹೋದರೂ ಕೊಂದಳು, ಗೋಡೆ ಹಾರಿ ಹೋದರೂ ಕೊಂದಳು. ಕೊನೆಗೆ ಅವನು ಎದ್ದು ಹೋಗಿ ಕೇಳಿದ.

"ಹೆಂಗ್ರೀ ಗೊತ್ತಾಗತೈತಿ ನಿಮಗ, ನಾ ಬರೂದು?"

ಅವಳು ಕಿವಿ ಮುಟ್ಟಿ ಕೈ ಅಲ್ಲಾಡಿಸಿದಳು. ಆಮೇಲೆ ಎರಡೂ ಕಣ್ಣುಗಳ ಹೊರತುದಿಗೆ ಬೆರಳಿಟ್ಟು ತೋರಿಸಿದಳು. ಅಂಚಿನಿಂದ ನೋಡುತ್ತೇನೆ ಎಂದರ್ಥ. ಉಳಿದವರು ಹೆಜ್ಜೆಸಪ್ಪಳಕ್ಕೆ ತಿರುಗುತ್ತಿದ್ದರು. ಅವಳು ಪರದೆಯ ಅಂಚಿನಲ್ಲಿ ನೆರಳು ಅಲುಗಿದೊಡನೆ ಗುಂಡು ಹಾರಿಸುತ್ತಿದ್ದಳು.

ಮದುವೆಗೆ ಮುಂಚೆಯೇ ಫಕ್ಕೀರೇಶ ಕೈಮಾತು ಕಲಿತ. ಕಲಿಯುವಾಗ ಅವಳು ಅವನ ಗಲ್ಲ ಹಿಡಿದು ಮುಖ ಮೇಲೆತ್ತುತ್ತಿದ್ದಳು. ಹೊಸಬರು ಕೈ ನೋಡುತ್ತಾರೆ. ಬಲ್ಲವರು ಎದುರಿಗಿರುವವರ ಮುಖ ನೋಡುತ್ತಾರೆ. ಕೈಗಳು ಕಣ್ಣಿನ ಅಂಚಿನಲ್ಲಿ ಆಡುತ್ತವೆ, ಅಲ್ಲಿಯೇ ಅರ್ಥವಾಗುತ್ತವೆ.

"ನಾ ಬೈಯಾಗ ನನ್ನ ಮುಖಾ ನೋಡು," ಎಂದು ಅವಳ ಕೈಗಳು ಹೇಳುತ್ತಿದ್ದವು. "ಕೈ ಏನ್ ನೋಡ್ತಿ, ಬಳಿ ಕೊಡಸಾಂವ ಅದೀಯೇನು?"

ವರ್ಷದೊಳಗೆ ಅವನ ಕಣ್ಣುಗಳೂ ಅವಳ ಕಣ್ಣುಗಳಂತಾದವು. ಪಕ್ಕದಲ್ಲಿ ಏನು ಮಿಸುಕಿದರೂ ಗೊತ್ತಾಗುತ್ತಿತ್ತು.

ಅದೇ ಅವನಿಗೆ ಕೆಲಸ ಕೊಡಿಸಿತು. ಗೋಕುಲ ರೋಡಿನಲ್ಲಿ, ಪೈಪಿನ ಗೋದಾಮಿನ ಮೇಲಿನ ಮಹಡಿಯಲ್ಲಿ 'ತಕ್ಕಡಿ' ಎಂಬ ಪ್ರಯೋಗಾಲಯವಿತ್ತು. ಗೇಮಿಂಗ್ ಲ್ಯಾಪ್‌ಟಾಪ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿ, ಯಾವುದು ಮೇಲು ಯಾವುದು ಕೀಳು ಎಂದು ಪಟ್ಟಿ ಹಾಕುವುದು ಅದರ ಕೆಲಸ. ಆ ಪಟ್ಟಿ ನೋಡದೆ ದೇಶದಲ್ಲಿ ಯಾವ ಹುಡುಗನೂ ಲ್ಯಾಪ್‌ಟಾಪ್ ಕೊಳ್ಳುತ್ತಿರಲಿಲ್ಲ. ಸೆಕೆಂಡಿಗೆ ಎಷ್ಟು ಫ್ರೇಮು ಚಿತ್ರ ಬಂತು, ಯಂತ್ರ ಎಷ್ಟು ಬಿಸಿಯಾಯಿತು, ಎಷ್ಟು ಕರೆಂಟು ಎಳೆಯಿತು ಎಂಬುದನ್ನೆಲ್ಲ ಮೀಟರುಗಳು ಬರೆದುಕೊಳ್ಳುತ್ತಿದ್ದವು. ಆದರೆ ಮೀಟರಿಗೆ ಸರಾಗವೆನಿಸಿದ ಆಟ ಮನುಷ್ಯನ ಕಣ್ಣಿಗೆ ತಡವರಿಸಿದಂತೆ ಕಾಣಬಹುದು. ಅದಕ್ಕಾಗಿ ಹತ್ತು ಮಂದಿ ಆಟಗಾರರನ್ನು ಇಟ್ಟುಕೊಂಡಿದ್ದರು. ಒಂದೇ ಆಟ, ಒಂದೇ ಹಂತ, ಒಂದೇ ದಾರಿ. ಚಿತ್ರ ಎಲ್ಲಿ ತಡವರಿಸಿದರೂ ಕಾಲಿನ ಪೆಡಲು ಒತ್ತಬೇಕು. ಅದರಲ್ಲಿ ಫಕ್ಕೀರೇಶನನ್ನು ಮೀರಿಸುವವರಿರಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ಮಂದಾಕಿನಿ ಜಾಗೀರದಾರ. ಧಾರವಾಡದವರು, ಸಣ್ಣ ದನಿ, ದೊಡ್ಡ ಹಟ. ಅವರ ನಿಯಮಗಳನ್ನು ಯಾರೂ ಮುರಿಯುವಂತಿರಲಿಲ್ಲ. ಕಂಪನಿಗಳ ಗುಟ್ಟು ಹೊರಗೆ ಹೋಗಬಾರದು, ಆದ್ದರಿಂದ ಫೋನುಗಳು ಲಾಕರಿನಲ್ಲಿ. ಹೆಸರು ಕಂಡರೆ ಆಡುವವನ ಮನಸ್ಸು ಒಂದು ಕಡೆ ವಾಲುತ್ತದೆ, ಆದ್ದರಿಂದ ಬಂದ ಯಂತ್ರಕ್ಕೆಲ್ಲ ಕಪ್ಪು ಟೇಪು. ಮತ್ತು ಬೆಳಿಗ್ಗೆ ಆಟಕ್ಕೆ ಕೂರುವ ಮೊದಲು ಪ್ರತಿಯೊಬ್ಬನ ಕಣ್ಣಿನ ಪರೀಕ್ಷೆ. ಯಾವ ಪರದೆಯ ಮೇಲೆ ಆಡಬೇಕೋ ಅದೇ ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಮೂಡುತ್ತವೆ: ನಡುವೆ, ಮೇಲೆ, ಅಂಚಿಗೆ, ಮೂಲೆಗೆ. ನೋಟವನ್ನು ನಡುವೆಯೇ ನೆಟ್ಟು, ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ಚುಕ್ಕೆಗಳ ಕ್ರಮ ಎಂದೂ ಬದಲಾಗುತ್ತಿರಲಿಲ್ಲ.

"ನಿನ್ನಿದು ಒಂದು, ಇವತ್ತಿಂದು ಇನ್ನೊಂದು ಆದ್ರ ಹೋಲಿಸೂದು ಹೆಂಗ?" ಎನ್ನುತ್ತಿದ್ದರು ಮಂದಾಕಿನಿ. "ತಕ್ಕಡಿ ಬದಲಾಗಬಾರದು. ತೂಗೂ ಸಾಮಾನು ಬದಲಾಗಬೇಕು."

ಮಾತು ಸರಿಯಾಗಿಯೇ ಇತ್ತು. ಹೋಲಿಸುವುದನ್ನೇ ಕಸುಬು ಮಾಡಿಕೊಂಡವರಿಗೆ ಅದರಲ್ಲಿ ತಪ್ಪು ಕಾಣುವುದು ಸಾಧ್ಯವಿರಲಿಲ್ಲ.

ಆ ಬೇಸಿಗೆಯಲ್ಲಿ ಎರಡು ಲ್ಯಾಪ್‌ಟಾಪ್‌ಗಳು ಬಂದವು. ಟೇಪು ಸುತ್ತಿದ ಮೇಲೆ ಆಟಗಾರರು ಅವಕ್ಕೆ ತಿಂಡಿಯ ಹೆಸರಿಡುತ್ತಿದ್ದರು. ತೊಡೆಯ ಮೇಲಿಟ್ಟರೆ ಚರ್ಮ ಸುಡುತ್ತಿದ್ದದ್ದು 'ಮಿರ್ಚಿ' ಆಯಿತು. ತಣ್ಣಗೆ, ಹಗುರಾಗಿ ಇದ್ದದ್ದು 'ಗಿರ್ಮಿಟ್'. ಗಿರ್ಮಿಟ್‌ನ ಜೊತೆಗೆ ಅದನ್ನು ತಯಾರಿಸಿದ ಕಂಪನಿಯ ಸುಹಾಸ್ ಎಂಬ ಯುವಕನೂ, ಕಂಪನಿಯ ಹೆಸರೆತ್ತಬಾರದು ಎಂಬ ಷರತ್ತಿನ ಮೇಲೆ, ಬೆಂಗಳೂರಿನಿಂದ ಬಂದಿದ್ದ.

ಮೊದಲ ದಿನವೇ ಮಂದಾಕಿನಿ ಮೀಟರಿನ ಮುಂದೆ ನಿಂತುಬಿಟ್ಟರು. ಎರಡೂ ಯಂತ್ರ ಒಂದೇ ಆಟವನ್ನು ಅಷ್ಟೇ ಸರಾಗವಾಗಿ ಆಡಿಸುತ್ತಿದ್ದವು. ಗಿರ್ಮಿಟ್ ಎಳೆಯುತ್ತಿದ್ದ ಕರೆಂಟು ಮಿರ್ಚಿಯ ಅರ್ಧಕ್ಕಿಂತ ಕಡಿಮೆ.

"ಉಳದ ಕೆಲಸಾ ಯಾರು ಮಾಡ್ಲಿಕತ್ತಾರ?" ಎಂದು ಕೇಳಿದರು.

ಸುಹಾಸ್ ನಕ್ಕು ಒಂದು ಕಾಗದ ತೆಗೆದುಕೊಂಡ. ಎಡಕ್ಕೊಂದು ಗುಣಾಕಾರದ ಗುರುತು, ಅದರ ಬಲಕ್ಕೆ ನಾಲ್ಕು ಬೆರಳು ಬಿಟ್ಟು ಒಂದು ಚುಕ್ಕೆ ಹಾಕಿದ.

"ನಿಮ್ಮೆಲ್ಲರ ಕಣ್ಣಲ್ಲೂ ಒಂದೊಂದು ತೂತಿದೆ, ಗೊತ್ತಾ?"

"ಫಕ್ಯಾನ ಕಣ್ಣಾಗಿಲ್ರೀ ಸರ, ತಲ್ಯಾಗ ಐತಿ," ಎಂದ ದಾದಾಪೀರ. ಫಕ್ಕೀರೇಶನ ಪಕ್ಕದ ಕುರ್ಚಿಯವನು ಅವನು. ಹಳೇಹುಬ್ಬಳ್ಳಿಯ ಹುಡುಗ, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಗುರುತನ್ನೇ ನೋಡ್ತಾ ಕಾಗದಾನ ನಿಧಾನವಾಗಿ ಹತ್ತಿರ ತನ್ನಿ."

ಫಕ್ಕೀರೇಶ ತಂದ. ಒಂದು ದೂರದಲ್ಲಿ ಚುಕ್ಕೆ ಮಾಯವಾಯಿತು. ಅದು ಹೋದ ಜಾಗದಲ್ಲಿ ತೂತು ಕಾಣಲಿಲ್ಲ. ಬಿಳಿ ಕಾಗದ ಕಂಡಿತು.

ಸುಹಾಸ್ ವಿವರಿಸಿದ. ನರಗಳು ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ನೋಟವಿಲ್ಲ. ತೋಳು ಚಾಚಿ ಹಿಡಿದರೆ ಒಂದು ಲಿಂಬೆಹಣ್ಣು ಆ ಕುರುಡು ಜಾಗದಲ್ಲಿ ಅಡಗಿಬಿಡಬಹುದು. ಆದರೂ ಯಾರಿಗೂ ಅದು ಗೊತ್ತಾಗುವುದಿಲ್ಲ, ಏಕೆಂದರೆ ಸುತ್ತ ಏನಿದೆಯೋ ಅದನ್ನೇ ತಂದು ಮಿದುಳು ಅಲ್ಲಿ ಮೆತ್ತಿಬಿಡುತ್ತದೆ. ಗಿರ್ಮಿಟ್ ಆ ಮೆತ್ತುವ ಗುಣವನ್ನೇ ದುಡಿಸಿಕೊಳ್ಳುತ್ತಿತ್ತು. ಪರದೆಯ ಮೇಲಿನ ಪುಟ್ಟ ಕ್ಯಾಮೆರಾ ಆಡುವವನ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡುತ್ತದೆ. ಅಷ್ಟನ್ನು ಮಾತ್ರ ಯಂತ್ರ ಪೂರ್ತಿ ಬರೆಯುತ್ತದೆ. ಅಂಚನ್ನು ಖಾಲಿ ಬಿಟ್ಟು, ಅಲ್ಲಿ ಕಣ್ಣಿಗೆ ಗೊತ್ತಾಗದಷ್ಟು ಸಣ್ಣಗೆ ಮಿನುಗಿಸುತ್ತದೆ. ಮಿನುಗು ಕಂಡ ಮಿದುಳು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಒಂದೇ ದಾರಿಯನ್ನು ಎಷ್ಟು ಸಲ ಆಡಿದರೆ ಅಷ್ಟು ಚೆನ್ನಾಗಿ ತುಂಬುತ್ತದೆ. ಇದಕ್ಕೆ ಕಂಪನಿ ಇಟ್ಟ ಹೆಸರು 'ಭರ್ತಿ'.

"ಅಂದ್ರ ಲ್ಯಾಪ್‌ಟಾಪು ಮಾಡೂ ಕೆಲಸಾ ಆಡಾವನ ತಲೀ ಮಾಡ್ತದ," ಎಂದರು ಮಂದಾಕಿನಿ.

"ತಲೆ ಹೇಗೂ ಖಾಲಿ ಇರುತ್ತಲ್ಲ ಮೇಡಂ."

"ಮನೀಗೆ ಹೋದ ಮ್ಯಾಲೆ?"

"ಆಫ್ ಮಾಡಿದ್ರೆ ಆಫ್. ನಮ್ಮಲ್ಲಿ ವರದಿಗಳಿವೆ."

ಮಂದಾಕಿನಿ ಒಂದು ಗಳಿಗೆ ಯೋಚಿಸಿ, "ಹೆಂಗೂ ನಾವು ದಿನಾ ಕಣ್ಣು ನೋಡ್ತೀವಿ. ಏರುಪೇರಾದ್ರ ಅವತ್ತ ಗೊತ್ತಾಗ್ತದ," ಎಂದರು. ಪರೀಕ್ಷೆ ಶುರುವಾಯಿತು.

ಗಿರ್ಮಿಟ್ ಮಿರ್ಚಿಯನ್ನು ಎಲ್ಲದರಲ್ಲೂ ಸೋಲಿಸಿತು. ಮೊದಲ ವಾರ ಆಟಗಾರರು ಅಲ್ಲೊಂದು ಇಲ್ಲೊಂದು ಸಲ ಪೆಡಲು ಒತ್ತಿದರು. ಆಮೇಲೆ ಅದೂ ನಿಂತಿತು. ಬೆಳಗಿನ ಕಣ್ಣಿನ ಪರೀಕ್ಷೆಯಲ್ಲಿ ಏರುಪೇರಾಗಲಿಲ್ಲ. ಬದಲಿಗೆ ಅಂಕ ಹೆಚ್ಚಿತು. ಮುಂಚೆ ಮೂಲೆಯ ಒಂದೆರಡು ಚುಕ್ಕೆ ತಪ್ಪಿಸುತ್ತಿದ್ದ ದಾದಾಪೀರ ಕೂಡ ಈಗ ಒಂದನ್ನೂ ಬಿಡುತ್ತಿರಲಿಲ್ಲ. ತಿಂಗಳು ಮುಗಿಯುವ ಮೊದಲೇ ಗಿರ್ಮಿಟ್ ಪಟ್ಟಿಯ ತುದಿಗೆ ಹೋಯಿತು. ಅಂಗಡಿಗಳಲ್ಲಿ ಅದಕ್ಕೆ ಮುಂಗಡ ಕೊಟ್ಟು ಕಾಯುವವರ ಸಾಲು ಬೆಳೆಯಿತು. ಪ್ರಯೋಗಾಲಯದಲ್ಲಿ ಬಾಳಿಕೆಯ ಪರೀಕ್ಷೆ ಮುಂದುವರಿಯಿತು.

ಬಾಳಿಕೆಯ ಪರೀಕ್ಷೆ ಎಂದರೆ ಮನೆಗೆ ಒಯ್ದು ಆಡುವುದು. ಶನಿವಾರ ಫಕ್ಕೀರೇಶ ಗಿರ್ಮಿಟ್ ಅನ್ನು ಚೀಲದಲ್ಲಿ ಹಾಕಿಕೊಂಡು ಬಂದ.

ಕಸ್ತೂರಿಗೆ ಆಗ ಎಂಟನೆಯ ತಿಂಗಳು. ಅವಳು ಗೋಡೆಗೆ ದಿಂಬು ಆನಿಸಿ ಕೂತು, ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳಲು ನೋಡಿದಳು. ಅದು ಜಾರಿತು.

"ನಿನ್ನ ಮಗಾ ಒದ್ದು ಕೆಡವತೈತಿ," ಎಂದಳು. "ಅದಕ್ಕ ಈ ಕಂಪನಿ ಸೇರವಲ್ಲದು."

ಸಂಜೆ ಅವನು ಮನೆಗೆ ಬಂದಾಗಲೆಲ್ಲ ಅವಳು ಕೂಸಿನ ಒದೆತದ ಮಾತನ್ನೇ ಹೇಳುತ್ತಿದ್ದಳು. ಒಂದು ಅಂಗೈಯನ್ನು ಇನ್ನೊಂದು ಕೈಯ ಮುಷ್ಟಿಯಿಂದ ಕೆಳಗಿನಿಂದ ಗುದ್ದಿ, ತಲೆ ಅಲ್ಲಾಡಿಸಿ, ಇದರ ಕಾಟ ತಾಳಲಾರೆ ಎನ್ನುವಂತೆ ಮುಖ ಮಾಡುತ್ತಿದ್ದಳು. ಇವತ್ತು ಭಾಳ ಒದೀತು. ಅವನು ಹೆಬ್ಬೆರಳೆತ್ತಿ "ಚಲೋ ಆತು" ಎನ್ನುತ್ತಿದ್ದ. ಅದು ಆ ಮನೆಯ ಸಂಜೆಯ ಪದ್ಧತಿ.

ಅವಳು ಆಟ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಅವನ ಕಡೆ ತಿರುಗಿದಳು. ಅವನು ಅವಳ ಮುಖ ನೋಡಿದ. ಹುಬ್ಬು ಮೇಲೇರಿತ್ತು. ಕೈಗಳು ಹೇಳಿದವು: "ಭಾರೀ ಐತಿ. ಇಂಥಾದ್ದ ಬೇಕಾಗಿತ್ತು ನನಗ."

"ನಾ ಹೇಳಿದ್ದಿಲ್ಲೇನು?" ಎಂದು ಅವನ ಕೈಗಳು ಕೇಳಿದವು.

ಅವಳು ಅವನನ್ನೇ ನೋಡುತ್ತ ಕೂತಳು. ಆಮೇಲೆ ಗಿರ್ಮಿಟ್ ಅನ್ನು ಪಕ್ಕಕ್ಕೆ ಸರಿಸಿ, ತನ್ನ ಹಳೆಯ ಲ್ಯಾಪ್‌ಟಾಪು ತೆಗೆದು, ಅದರ ಫ್ಯಾನು ಗರಗರ ಅನ್ನುತ್ತಿರುವಾಗ ಅದರಲ್ಲೇ ಆಡಿದಳು. ಭಾನುವಾರವೂ ಗಿರ್ಮಿಟ್ ಮುಟ್ಟಲಿಲ್ಲ. ಬಸುರಿಯರ ಮನಸ್ಸು ಗಳಿಗೆಗೊಂದು ತರ ಎಂದುಕೊಂಡು ಫಕ್ಕೀರೇಶ ತಾನೇ ಅದರಲ್ಲಿ ಆಡಿದ.

ಮುಂದಿನ ಬುಧವಾರ ದಾದಾಪೀರ ಬೈಕಿನಿಂದ ಬಿದ್ದ. ಮನೆಯಿಂದ ಹೊರಬೀಳುವ ತಿರುವಿನ ಮಗ್ಗುಲಿಗೆ ನಿಲ್ಲಿಸಿದ್ದ ತಳ್ಳುಗಾಡಿಗೆ, ಬ್ರೇಕು ಕೂಡ ಹಾಕದೆ, ಹೋಗಿ ಗುದ್ದಿದ್ದ. ಬಲಗೈಯ ಕಿರುಬೆರಳು ಚಕ್ರದ ಕಡ್ಡಿಗಳಲ್ಲಿ ಸಿಕ್ಕಿ, ಡಾಕ್ಟರು ಅದನ್ನು ತೆಗೆಯಬೇಕಾಯಿತು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ರಜೆ ಕೇಳಲು ಮಧ್ಯಾಹ್ನ ಪ್ರಯೋಗಾಲಯಕ್ಕೆ ಬಂದ.

"ಗಾಡಿ ಇರಲೇ ಇಲ್ಲ ಮಾರಾಯಾ," ಎಂದ. "ಖುದಾ ಕಸಮ್. ಹುಟ್ಟಿದಾಗಿಂದ ಆ ತಿರುವಿನ್ಯಾಗ ಹೊಂಟೀನಿ. ಖಾಲಿ ರೋಡು. ಒಮ್ಮಿಂದೊಮ್ಮೆ ಸೌತೀಕಾಯಿ ಮ್ಯಾಲ ಮಕ್ಕೊಂಡಿದ್ದೆ."

"ಗಾಡಿಯಾಕಿ ಚಂದ ಇದ್ದಳೇನು?" ಎಂದ ಫಕ್ಕೀರೇಶ.

"ಗಾಡಿಯಾಂವ, ಮೀಸಿ ಐತಿ ಅವಂಗ. ಬೆರಳು ಹೋತು ಅಂತ ನಾ ಅಳಾಕತ್ತಿದ್ದೆ, ಅಂವ ಸೌತೀಕಾಯಿ ಹೋದ್ವು ಅಂತ ಅಳಾಕತ್ತಿದ್ದ."

ಎಲ್ಲರೂ ನಕ್ಕರು. ಮಂದಾಕಿನಿ ನಗಲಿಲ್ಲ. ಅವನು ನಿತ್ಯ ಆ ದಾರಿಯಲ್ಲೇ ಬರುತ್ತಾನೋ ಎಂದು ಕೇಳಿದರು. ಹೌದು ಎಂದ. ಗಾಡಿ ಅಲ್ಲಿ ನಿಲ್ಲುವುದು ಎಂದಿನ ಪದ್ಧತಿಯೋ ಎಂದು ಕೇಳಿದರು. ಅಲ್ಲ, ಅವತ್ತೇ ಮೊದಲು ಎಂದ. ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಗುರುವಾರ. ಸಂಜೆ ಫಕ್ಕೀರೇಶ ಮನೆಗೆ ಬಂದಾಗ ಕಸ್ತೂರಿ ಬಾಗಿಲಲ್ಲೇ ನಿಂತಿದ್ದಳು. ಮುಖ ಬಾಡಿತ್ತು. ದಿನವಿಡೀ ಸೆಕೆಯಿತ್ತು, ಅದಕ್ಕೇ ಇರಬೇಕೆಂದುಕೊಂಡ. ಅವಳು ಅಂಗೈಯನ್ನು ಮುಷ್ಟಿಯಿಂದ ಗುದ್ದಿ ತಲೆ ಅಲ್ಲಾಡಿಸಿದಳು. ಇವತ್ತು ಭಾಳ ಒದೀತು.

ಅವನು ಹೆಬ್ಬೆರಳೆತ್ತಿದ. "ಚಲೋ ಆತು."

ಅವಳು ಹಾಗೆಯೇ ನಿಂತಳು. ಮತ್ತೆ ಕೈ ಆಡಿಸಿದಳು. ಈ ಸಲ ಹುಬ್ಬು ಎತ್ತಿ, ಪ್ರಶ್ನೆ ಕೇಳುವ ಮುಖ. "ಊಟಾ ಈಗ ಮಾಡ್ತೀಯೇನು?"

ಅವನು ಹೂಂ ಎಂದು ತಲೆಯಾಡಿಸಿ ಕೈಕಾಲು ತೊಳೆಯಲು ಹೋದ. ತಿರುಗಿ ಬಂದಾಗ ಊಟ ಬಡಿಸಿರಲಿಲ್ಲ. ಅವಳು ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿದ್ದಳು. ದಣಿದಿದ್ದಾಳೆ ಎಂದುಕೊಂಡು ಅವನೇ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ತಿಂದ. ಅವಳಿಗೂ ಒಂದು ತಾಟು ಮುಚ್ಚಿಟ್ಟ.

ಶುಕ್ರವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಅವನ ಕುರ್ಚಿಯ ಹಿಂದೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಕ್ಯಾಮೆರಾ ನಿಲ್ಲಿಸಿದ್ದರು. ಫೋನು ಲಾಕರಿಗೆ ಹಾಕಿ ಅವನು ಗಿರ್ಮಿಟ್‌ನ ಮುಂದೆ ಕೂತ. ಚುಕ್ಕೆಗಳ ಪರೀಕ್ಷೆ ನಡೆಯಿತು. ಎಲ್ಲ ಚುಕ್ಕೆಗೂ ಗುಂಡಿ ಒತ್ತಿದ. ನೂರಕ್ಕೆ ನೂರು.

"ಬಾ ಇಲ್ಲೆ," ಎಂದು ಮಂದಾಕಿನಿ ಅವನನ್ನು ತಮ್ಮ ಕೋಣೆಗೆ ಕರೆದರು. ಕ್ಯಾಮೆರಾ ಹಿಡಿದದ್ದನ್ನು ತಮ್ಮ ಕಂಪ್ಯೂಟರಿನಲ್ಲಿ ಹಾಕಿದರು. "ನಿನ್ನ ಕೈ ನೋಡು. ಆಮ್ಯಾಲೆ ಪರದೀ ನೋಡು. ಒಂದೊಂದ ನೇರ ನೋಡು."

ನಡುವೆ ಚುಕ್ಕೆ ಮೂಡಿತು. ಅವನ ಕೈ ಗುಂಡಿ ಒತ್ತಿತು. ಮೇಲೆ ಮೂಡಿತು, ಒತ್ತಿತು. ಆಮೇಲೆ ಪರದೆಯಲ್ಲಿ ಏನೂ ಮೂಡಲಿಲ್ಲ. ಕೈ ಒತ್ತಿತು. ಮತ್ತೆ ಏನೂ ಇಲ್ಲ. ಮತ್ತೆ ಒತ್ತಿತು. ಅಂಚಿನ ಚುಕ್ಕೆಗಳನ್ನು ಗಿರ್ಮಿಟ್ ಬರೆದೇ ಇರಲಿಲ್ಲ.

"ನಾ ನೋಡಿದ್ನೆಲ್ಲರಿ," ಎಂದ ಫಕ್ಕೀರೇಶ. "ಕ್ಯಾಮೆರಾ ಹಿಡದಿಲ್ರೀ ಮೇಡಂ, ಅಷ್ಟ."

ಮಂದಾಕಿನಿ ಅವನನ್ನು ಮಿರ್ಚಿಯ ಮುಂದೆ ಕೂರಿಸಿದರು. ಅದರಲ್ಲಿ ಭರ್ತಿ ಇರಲಿಲ್ಲ, ಎಲ್ಲವನ್ನೂ ಪೂರ್ತಿ ಬರೆಯುವ ಯಂತ್ರ ಅದು. ಚುಕ್ಕೆಗಳ ಕ್ರಮವನ್ನು ಅವರು ಕಲಸಿಬಿಟ್ಟಿದ್ದರು. ಐದು ವರ್ಷದಲ್ಲಿ ಮೊದಲ ಸಲ. ಅವನು ಮತ್ತೆ ಒತ್ತಿದ. ಅವರು ಮತ್ತೆ ಕ್ಯಾಮೆರಾದ ಚಿತ್ರ ತೋರಿಸಿದರು. ಅಂಚಿನಲ್ಲಿ ಚುಕ್ಕೆ ಇದ್ದಲ್ಲಿ ಅವನ ಕೈ ಸುಮ್ಮನಿತ್ತು. ಹಳೆಯ ಕ್ರಮದಲ್ಲಿ ಚುಕ್ಕೆ ಬರಬೇಕಾಗಿದ್ದ ಹೊತ್ತಿಗೆ, ಖಾಲಿ ಪರದೆಗೆ, ಕೈ ಒತ್ತುತ್ತಿತ್ತು.

"ಇದು ಗಿರ್ಮಿಟ್ ಅಲ್ಲ," ಎಂದರು ಮಂದಾಕಿನಿ. "ಗಿರ್ಮಿಟ್ ಇಲ್ಲದನೂ ನೀ ಭರ್ತಿ ಮಾಡ್ಲಿಕತ್ತೀ. ಪ್ರತಿ ದಿನಾ ಏನ್ ನೋಡ್ತೀಯೋ ಅದನ್ನ ಅಂಚಿಗೆ ಹಚ್ಚಿ ನೋಡ್ಲಿಕತ್ತೀ." ಅವರ ಸಣ್ಣ ದನಿ ಇನ್ನೂ ಸಣ್ಣದಾಗಿತ್ತು. "ದಾದಾಪೀರ ಖಾಲಿ ರೋಡು ನೋಡಿದ್ದು ಹಿಂಗ."

ಫಕ್ಕೀರೇಶ ರೋಡಿನ ಬಗ್ಗೆ ಯೋಚಿಸಲಿಲ್ಲ. ಅವನಿಗೆ ಬೈಕಿರಲಿಲ್ಲ. ದಿನಾ ಒಂದೇ ತರ ಇರುವುದು, ಅಂಚಿನಲ್ಲಿ ಇರುವುದು, ತಾನು ನೇರ ನೋಡದೆ ಇರುವುದು ಏನು ಎಂದು ಹುಡುಕಿದ. ಉತ್ತರ ಸಿಕ್ಕಲು ಹೊತ್ತು ಹಿಡಿಯಲಿಲ್ಲ. ಎದ್ದು ಲಾಕರಿನ ಕಡೆ ನಡೆದ.

ಫೋನಿನಲ್ಲಿ ಕಸ್ತೂರಿಯ ಸಂದೇಶಗಳು ಒಂದರ ಕೆಳಗೊಂದು ಇದ್ದವು. ಅಕ್ಷರಗಳು ಕಣ್ಣಿನ ನಡುವೆ ಇದ್ದವು, ಆದ್ದರಿಂದ ಅವು ಹೇಗಿದ್ದವೋ ಹಾಗೆಯೇ ಕಂಡವು.

"ಇವತ್ತೂ ಅಲುಗಾಡವಲ್ಲದು."

"ನೀ ನಿನ್ನೆ ಚಲೋ ಆತು ಅಂದಿ. ನನಗ ಸಮಾಧಾನ ಇಲ್ಲ."

"ಪಾರವ್ವಕ್ಕನ ಕರಕೊಂಡು ದವಾಖಾನಿಗೆ ಹೊಂಟೀನಿ. ಬಾ."

ಪಾರವ್ವಕ್ಕ ಪಕ್ಕದ ಮನೆಯವಳು. ದವಾಖಾನೆಯ ಹೊರಸಾಲೆಯಲ್ಲಿ ಫಕ್ಕೀರೇಶನನ್ನು ಕಂಡು ಎದ್ದು ನಿಂತಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಳಗೆ ಡಾಕ್ಟರಮ್ಮ ಹೇಳಿದರು. ಸ್ಕ್ಯಾನಿನಲ್ಲಿ ಎದೆಬಡಿತ ಇಲ್ಲ. ಹೆರಿಗೆ ಮಾಡಿಸಬೇಕು.

"ಅಲುಗಾಟ ಕಡಿಮಿ ಆತಂದ್ರ ಅವತ್ತ ಬರ್ರಿ ಅಂತ ನಾ ನಿಮಗ ಹೇಳಿದ್ನೆಲ್ಲ?" ಎಂದರು. ಕಸ್ತೂರಿಯ ಪರವಾಗಿ ಪ್ರತಿ ತಿಂಗಳು ಕೇಳಿಸಿಕೊಂಡು, ಅದನ್ನು ಕೈಗೆ ದಾಟಿಸುತ್ತಿದ್ದವನು ಅವನೇ.

"ನಿನ್ನೆ ಬಂದಿದ್ರ ಉಳೀತಿತ್ತೇನ್ರೀ?"

"ಹೇಳಾಕ ಬರೂದಿಲ್ಲ. ಉಳೀಬಹುದಿತ್ತು."

ಕಸ್ತೂರಿ ಕಬ್ಬಿಣದ ಮಂಚದ ಮೇಲೆ ಕೂತಿದ್ದಳು. ಅತ್ತಿರಲಿಲ್ಲ. ಅವನನ್ನು ನೋಡಿದೊಡನೆ ಕೈಯೆತ್ತಿ ಮಾತಾಡತೊಡಗಿದಳು. ಫಕ್ಕೀರೇಶ ಅವಳ ಮುಖ ನೋಡಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಹೊಸಬನಂತೆ, ಅವಳ ಕೈಗಳನ್ನೇ ನೇರ ನೋಡಿದ. ಅವಳ ಕೈಗಳು ನಡುವೆಯೇ ನಿಂತವು.

"ಕೈ ಯಾಕ ನೋಡಾಕತ್ತಿ?" ಎಂದು ನಿಧಾನವಾಗಿ ಕೇಳಿದವು.

ಅವನು ಹೇಳಿದ. ಗಿರ್ಮಿಟ್, ಚುಕ್ಕೆ, ಕ್ಯಾಮೆರಾ, ಎಲ್ಲ. ಅವಳು ಕೊನೆಯ ತನಕ ನೋಡಿದಳು. ಆಮೇಲೆ ಫೋನು ತೆಗೆದು ಬರೆದು ತೋರಿಸಿದಳು. ಅವನ ಜೊತೆ ಕೈಮಾತನ್ನು ಇನ್ನು ನಂಬಬಾರದು ಎಂದು ನಿರ್ಧರಿಸಿದ್ದಳು.

"ನಿನ್ನೆ ನಾ ಏನಂದೆ?"

"ಭಾಳ ಒದೀತು ಅಂದಿ."

"ಒದಿಯವಲ್ಲದು ಅಂದೆ. ಒದಿ ಅಂತ ಮಾಡಿ ಇಲ್ಲ ಅಂತ ಕೈ ಬೀಸಿದೆ. ಎರಡು ಸಲ ಬೀಸಿದೆ."

ಅವನು ಆ ಸಾಲನ್ನು ಮತ್ತೊಮ್ಮೆ ಓದಿದ.

"ಆಮ್ಯಾಲೆ?"

"ಊಟಾ ಮಾಡ್ತೀಯೇನು ಅಂದಿ."

ಅವಳು ಬರೆಯಲು ಹೊತ್ತು ತೆಗೆದುಕೊಂಡಳು. "ಕಡೇ ತಿಂಗಳದಾಗ ಕೂಸು ಸುಮ್ಮನಾಗತಾವು ಅಂತ ಪಾರವ್ವಕ್ಕ ಹೇಳಿದ್ಲು. ಡಾಕ್ಟರೂ ಹಂಗ ಅಂದಿದ್ರೇನು ಅಂತ ಕೇಳಿದೆ. ನೀ ಹೂಂ ಅಂದಿ."

ಇನ್ನೊಂದು ಸಾಲು ಬರೆದಳು. "ಆ ಲ್ಯಾಪ್‌ಟಾಪಿನ್ಯಾಗ ಅಂಚು ಇಲ್ಲ, ಬರೇ ತೂತು ಐತಿ, ಇದನ್ನ ತಿರುಗಿ ಕೊಡು ಅಂತ ಅವತ್ತ ಹೇಳಿದ್ದೆ. ನಾ ಹೇಳಿದ್ದಿಲ್ಲೇನು ಅಂತ ನೀ ನನಗ ಕೇಳಿದಿ."

ಅವಳ ಕಣ್ಣು ಆ ಯಂತ್ರಕ್ಕೆ ಹೊಸದು. ಭರ್ತಿ ಇನ್ನೂ ಅವಳಿಗೆ ಹೊಂದಿಕೊಂಡಿರಲಿಲ್ಲ. ಇದ್ದದ್ದನ್ನು ಇದ್ದಂತೆ ಅವಳು ನೋಡಿದ್ದಳು.

ಹೆರಿಗೆ ಶನಿವಾರ ಆಯಿತು. ಹೆಣ್ಣು. ದಾದಿ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಳು. ಫಕ್ಕೀರೇಶ ನೇರ ನೋಡಿದ. ಬೆರಳುಗಳು, ಉಗುರು, ಹುಬ್ಬು ಎಲ್ಲ ಬಂದಿದ್ದವು. ಅದನ್ನು ಒಪ್ಪಿಸಿಕೊಂಡು ಪಾರವ್ವಕ್ಕನ ಗಂಡನ ಜೊತೆ ಹೋಗಿ ಮಣ್ಣು ಮಾಡಿ ಬಂದ. ಅಳು ಬರುತ್ತದೆಂದು ಕಾದ. ಬರಲಿಲ್ಲ. ಹಸಿವಾಗಿತ್ತು, ದವಾಖಾನೆಯ ಎದುರಿನ ಖಾನಾವಳಿಯಲ್ಲಿ ಉಂಡ.

ಮಂದಾಕಿನಿ ಪಟ್ಟಿಯನ್ನು ತೆಗೆದುಹಾಕಿದರು, ಕಾರಣವನ್ನೂ ಪ್ರಕಟಿಸಿದರು. ಕಂಪನಿಯವರು ಮೊದಲು ಅದು ಸುಳ್ಳೆಂದರು. ಬೇರೆ ಊರುಗಳ ಕಣ್ಣಿನ ಡಾಕ್ಟರುಗಳೂ ಇಂಥವರನ್ನೇ ಕಾಣತೊಡಗಿದ ಮೇಲೆ ಭರ್ತಿಯನ್ನು ಸ್ವಲ್ಪ ತಗ್ಗಿಸಿ, ಯಂತ್ರ ಶುರುವಾಗುವಾಗ ಒಂದು ಎಚ್ಚರಿಕೆಯ ಸಾಲು ಬರುವಂತೆ ಮಾಡಿದರು. ಸುಹಾಸ್ ಒಂದು ಸಲ ಫಕ್ಕೀರೇಶನ ಮನೆಗೆ ಬಂದು, ಆದದ್ದೆಲ್ಲ ಕೇಳಿಕೊಂಡು, ಚಹಾ ಕುಡಿಯದೆ ಹೋದ.

ಕೊಂಡ ಲ್ಯಾಪ್‌ಟಾಪನ್ನು ಯಾರೂ ತಿರುಗಿ ಕೊಡಲಿಲ್ಲ. ಬ್ಯಾಟರಿ ದಿನವಿಡೀ ಬರುತ್ತಿತ್ತು, ತೊಡೆ ಸುಡುತ್ತಿರಲಿಲ್ಲ. ಜನ ಹೊಂದಿಕೊಂಡರು. ಕೆಫೆಯ ಹುಡುಗರು ರಸ್ತೆ ದಾಟುವಾಗ ಕೋಳಿಯಂತೆ ಕತ್ತು ಆ ಕಡೆ ಈ ಕಡೆ ಹೊರಳಿಸಿ ಪ್ರತಿಯೊಂದನ್ನೂ ನೇರ ನೋಡುವುದನ್ನು ರೂಢಿಸಿಕೊಂಡರು. ಅವರನ್ನು ನೋಡಿ ಸಣ್ಣ ಹುಡುಗರು, ಲ್ಯಾಪ್‌ಟಾಪು ಇಲ್ಲದವರೂ, ಅದೇ ಗತ್ತು ಎಂದು ಕತ್ತು ಹೊರಳಿಸತೊಡಗಿದರು. ಬಸ್ಸಿನ ಕಂಡಕ್ಟರುಗಳು ಅಂಥವರಿಗೆ "ಏ ಕೋಳಿ, ಒಳಗ ಸರೀ" ಎನ್ನುತ್ತಿದ್ದರು.

ಕಸ್ತೂರಿ ಮನೆ ಬಿಟ್ಟು ಹೋಗಲಿಲ್ಲ. ಫಕ್ಕೀರೇಶನಿಗೆ ಬೇಯಿಸಿ ಹಾಕುತ್ತಿದ್ದಳು, ಸಂಜೆ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದಳು. ಅವನ ಜೊತೆಗಿನ ಮಾತೆಲ್ಲ ಫೋನಿನ ಮೇಲೆ. ಒಂದು ಸಲ ಅವನು ಅವಳ ಮುಂದೆ ಕೂತು, ಕೈ ನೋಡಿ ಮಾತಾಡೋಣ, ನಿಧಾನಕ್ಕಾದರೂ ಆಡೋಣ ಎಂದ.

ಅವಳು ಬರೆದಳು. "ಕೈ ನೋಡಿದ್ರ ನನ್ನ ಮುಖಾ ನೀನ ಭರ್ತಿ ಮಾಡ್ಕೋತಿ. ಬ್ಯಾಡ."

ಕಣ್ಣಿನ ಡಾಕ್ಟರು ಅವನನ್ನು ಕ್ರಮ ಕಲಸಿದ ಚುಕ್ಕೆಗಳಿಂದ ಪರೀಕ್ಷಿಸಿದರು. ಕಣ್ಣು ಚೆನ್ನಾಗಿಯೇ ಇದೆ, ನೋಡುವುದನ್ನು ಬಿಟ್ಟಿರುವುದು ಮಿದುಳು ಎಂದರು. ಕೆಲವರಿಗೆ ತಿರುಗಿ ಬರುತ್ತದೆ, ಕೆಲವರಿಗೆ ಇಲ್ಲ. ಅವನಿಗೆ ಬರಲಿಲ್ಲ.

ವರ್ಷದ ಕೊನೆಗೆ ತಕ್ಕಡಿ ಮುಚ್ಚಿತು. ಅಲ್ಲಿದ್ದ ಹತ್ತು ಆಟಗಾರರಲ್ಲಿ ಏಳು ಜನರ ಎರಡೂ ಕಣ್ಣುಗಳ ಅಂಚಿನ ನೋಟ ಹೋಗಿತ್ತು. ದಾದಾಪೀರನ ಒಂದು ಬೆರಳು ಹೋಗಿತ್ತು. ಫಕ್ಕೀರೇಶನಿಗೆ ಗೊತ್ತಿದ್ದ ಎರಡು ಭಾಷೆಗಳಲ್ಲಿ ಒಂದು ಹೋಗಿತ್ತು. ಒಂದು ಹೆಣ್ಣು ಕೂಸು ಹೋಗಿತ್ತು, ತೂಕ ಎರಡು ಕಿಲೋ ನೂರು ಗ್ರಾಂ.